ಗುಂಡಿನ ಸರದ ಒಂದು ಗುಂಡು

ರೋಣದ ಪೇಟೆಯಲ್ಲಿ ನಮ್ಮದು ಸಣ್ಣ ಬಂಗಾರದ ಅಂಗಡಿ. ಅಪ್ಪನ ಕಣ್ಣು ಮಂಜಾದ ಮೇಲೆ ವ್ಯಾಪಾರಕ್ಕೆ ನಾನೇ ಕೂಡುತ್ತೇನೆ. ಹಳೆಯ ಬಂಗಾರ ಕೊಂಡರೆ ಮಾರಿದವರ ಆಧಾರ್ ಕಾರ್ಡಿನ ಝೆರಾಕ್ಸ್, ಸಹಿ, ಒಡವೆಯ ತೂಕ ಎಲ್ಲ ದಾಖಲಾಗಬೇಕು. ಕದ್ದ ಮಾಲು ಅಂಗಡಿ ಹೊಗಬಾರದು, ಲೆಕ್ಕ ತಪ್ಪಬಾರದು ಅಂತ ಸರ್ಕಾರದ ಈ ನಿಯಮ. ನನಗೇನೂ ತಕರಾರಿಲ್ಲ. ಯಾರಾದರೂ ಚೌಕಾಸಿಗೆ ಇಳಿದರೆ ಕಂಪ್ಯೂಟರಿನ ಕಡೆ ಬೆರಳು ತೋರಿಸಿ ಸುಮ್ಮನೆ ಕೂಡಬಹುದು.

“ಅತ್ತಿಗೂ ಅಂಜದಾಕಿ ಸರ್ಕಾರಕ್ಕ ಅಂಜತಾಳ ನೋಡ್ರಿ,” ಎಂದು ಅಪ್ಪ ಗಿರಾಕಿಗಳ ಮುಂದೆ ನನ್ನ ಚಾಷ್ಟಿ ಮಾಡಿ ನಗುತ್ತಾನೆ.

ಅಪ್ಪನದೊಂದು ಪದ್ಧತಿ ಇತ್ತು. ಯಾರೇ ಗುಂಡಿನ ಸರ ಮಾರಲು ತಂದರೂ ತೂಗುವ ಮೊದಲು ಒಂದು ಗುಂಡು ಬಿಡಿಸಿ ಅವರ ಕೈಗೇ ಹಾಕುತ್ತಿದ್ದ. ಮನೆಯ ಬಂಗಾರ ಪೂರ್ತಿ ಹೊರಗೆ ಹೋಗಬಾರದು, ಒಂದಾದರೂ ಉಳಿದರೆ ಮತ್ತೆ ಸರ ಆಗುತ್ತದೆ ಎಂಬ ನಂಬಿಕೆ. ಉಳಿದದ್ದಕ್ಕಷ್ಟೇ ಬಿಲ್. ನಾನೂ ಅದನ್ನು ನಡೆಸಿಕೊಂಡು ಬಂದಿದ್ದೆ.

ಈ ಸಲ ಲಗ್ನದ ಸೀಜನ್ನಿನಲ್ಲಿ ಮೆಣಸಗಿಯ ಹೆಣ್ಣುಮಗಳೊಬ್ಬಳು ತನ್ನ ತಾಯಿಯ ಸರ ತಂದಳು. ವಯಸ್ಸಾದಾಕೆ. ಹೊಳೆ ಬಂದಾಗ ಬಿದ್ದ ಗೋಡೆ ಕಟ್ಟಿಸಬೇಕಿತ್ತು. ಅಂಗಡಿ ತುಂಬ ಜನ. ಗಡಿಬಿಡಿಯಲ್ಲಿ ಇಡೀ ಸರವನ್ನೇ ತೂಗಿ, ಬಿಲ್ ತೆಗೆದು, ಸಹಿ ಮಾಡಿಸಿಬಿಟ್ಟೆ. ಆಕೆ ಏಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಅರಿಷಿಣ ಹಚ್ಚಿದ ಸಣ್ಣ ಅರಿವೆ ತೆಗೆದಳು.

“ಒಂದ ಗುಂಡ ಕೊಡ್ರಿ ಅಕ್ಕಾರ. ಮೊಮ್ಮಗಳ ಕೊಳ್ಳಾಗ ಕಟ್ಟತೀನಿ,” ಅಂದಳು.

ಬಿಲ್ ರದ್ದು ಮಾಡಿ, ಗುಂಡು ಬಿಡಿಸಿ, ಹೊಸದಾಗಿ ತೂಗಿ ಬರೆದರೆ ಮುಗಿಯುತ್ತಿತ್ತು. ನಿಯಮದಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಹಿಂದೆ ನಿಂತವರು ಗೊಣಗುತ್ತಿದ್ದರು, ನನಗೂ ಬೇಸರ ಬಂದಿತ್ತು.

“ತೂಕ ಕಂಪ್ಯೂಟರನ್ಯಾಗ ಹತ್ತೇತ್ರಿ ಯವ್ವಾ. ಈಗ ಬಿಡಸಾಕ ಬರೂದಿಲ್ಲ. ಸರ್ಕಾರದ ಕಾಯ್ದೆ ಐತಿ,” ಅಂದೆ.

ಆಕೆ ಜಗಳಕ್ಕೆ ನಿಂತಿದ್ದರೆ ಎಷ್ಟೋ ಚಲೋ ಇತ್ತು. ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

“ಕಾಯ್ದೆ ಅಂದ್ರ ನೀವರ ಏನ್ ಮಾಡ್ತೀರಿ? ತಪ್ಪ ನಂದರಿ, ಮೊದ್ಲ ಹೇಳಬೇಕಿತ್ತು,” ಎಂದಳು. ಅರಿವೆಯನ್ನು ಮಡಚಿ ಮತ್ತೆ ಸೆರಗಿಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕೂಗಿ ಕರೆಯಬೇಕು ಅನ್ನಿಸಿತು. ಕರೆಯಲಿಲ್ಲ. ಮುಂದಿನವರಿಗೆ ಬರ್ರಿ ಅಂದೆ.

ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಸರ ಕರಗಲು ಹೋಯಿತು. ಗುಂಡುಗಳು ಒಂದರೊಳಗೊಂದು ಸೇರುವುದನ್ನು ನೋಡಲಾಗದೆ ಹೊರಗೆ ಬಂದೆ. ಅಷ್ಟರಲ್ಲಿ ಅಪ್ಪ ಗೋಡೆ ಹಿಡಿದುಕೊಂಡು ಬಂದು ಕೂತ. ದಿನಾ ಯಾರು ಬಂದರು, ಏನು ತಂದರು ಎಂದು ಕೇಳುವುದು ಅವನ ರೂಢಿ. ಮೆಣಸಗಿಯಾಕೆಯ ಸರದ ಮಾತು ಹೇಳಿದೆ.

“ಗುಂಡ ಕೊಟ್ಟಿ ಹೌದಲ್ಲ?”

“ಕೊಟ್ಟೆ,” ಅಂದೆ. ಕಣ್ಣು ಕಾಣದವನ ಎದುರಿಗೂ ತಲೆ ತಗ್ಗಿಸಿದೆ.

“ಚಲೋ ಆತು. ಈ ಕಂಪ್ಯೂಟರ ಬಂದಮ್ಯಾಲ ನೀ ಅದನ್ನ ಬಿಟ್ಟಬಿಡ್ತಿ ಅಂತ ಅಂಜಿದ್ದೆ.” ಆಮೇಲೆ ಮತ್ತೆ ಕೇಳಿದ. “ಕಾಯ್ದ್ಯಾಗ ಅದಕ್ಕ ಅಡ್ಡಿ ಏನರ ಐತೇನು?”

“ಇಲ್ಲಪ್ಪಾ,” ಅಂದೆ. ಆ ದಿನ ಅದರ ಬಗ್ಗೆ ನಾನಾಡಿದ ಖರೇ ಮಾತು ಅದೊಂದೇ.