ಲಾಗಿನ್ ಪರದೆಯಲ್ಲಿ ಮಾವನ ಸ್ಥಾನ

ಗೆಳೆಯರೇ, ಇವತ್ತು ಗೆದ್ದೆ.

ದರ್ಬೆಯ ನಮ್ಮ ಪೈಂಟ್ ಅಂಗಡಿಯ ಹೊಸ ಕಂಪ್ಯೂಟರ್ ಆನ್ ಮಾಡಿದರೆ ನಮ್ಮೆಲ್ಲರ ಹೆಸರು ಅಕ್ಷರಕ್ರಮದಲ್ಲಿ ಬರುತ್ತದೆ. ಎಲ್ಲಕ್ಕಿಂತ ಮೇಲೆ ನನ್ನ ತಮ್ಮ ಅನೂಪ, ತಳದಲ್ಲಿ ಸೋದರಮಾವ ವಿಶ್ವನಾಥ. ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

"ಮದುವೆ ಕಾಗದದಲ್ಲಿ ನನ್ನ ಹೆಸರು ಅಳಿಯನ ಕೆಳಗೆ ಬಂದರೆ ನಾನು ಊಟಕ್ಕೆ ಕೂರುದಿಲ್ಲ. ಇದರ ಎದುರು ಎಂತಕ್ಕೆ ಕೂರುದು?"

"ಅದು ಕಂಪ್ಯೂಟರ್ ಮಾಡಿದ್ದು ಮಾವ."

"ಅದಕ್ಕೆ ಹೇಳುವವರು ಯಾರೂ ಇಲ್ವಾ?"

ನಾನಿದ್ದೆ. ಸೆಟ್ಟಿಂಗ್ಸ್‌ಗೆ ಹೋಗಿ ಹೆಸರುಗಳನ್ನೇ ಅಡಗಿಸಿ, ಪರದೆಯ ತುಂಬ ಮಾವ ಪೇಟ ತೊಟ್ಟ ಫೋಟೋ ಹಾಕಿದೆ. ಮಾವ ಕನ್ನಡಕ ಏರಿಸಿ ನೋಡಿ, "ಈಗ ಒಂದು ಕ್ರಮ ಉಂಟು" ಎಂದು ಕೂತರು.

ದಿನವೂ ತಡವಾಗಿ ಬಂದು ಹಿಂಬಾಗಿಲಿನಿಂದ ನುಸುಳುವ ಅನೂಪ, ಇನ್ನು ಮಾವನ ಮುಖ ನೋಡದೆ ಒಂದು ಬಿಲ್ಲನ್ನೂ ಮಾಡಲಾರ.