ಅನ್ನ ಬಸಿಯುವ ಹಲಗೆಗಳು

ಆಗ ನನಗೆ ಐವತ್ತೆಂಟು. ಇದಾಗಿ ಹದಿನೈದು ವರ್ಷವಾಯಿತು. ಅಲ್ಲಿಯವರೆಗೆ ಸತ್ತವರ ವಿಷಯದಲ್ಲಿ ಯಾರು ಏನು ಹೇಳಿದರೂ ನಾನು ನಂಬುತ್ತಿರಲಿಲ್ಲ. ಕನಸಿನಲ್ಲಿ ಗಂಡ ಬಂದು ನೀರು ಕೇಳಿದ ಎಂದು ಯಾವಳಾದರೂ ಅತ್ತರೆ, ಬಾಯಾರಿದ್ದು ನಿನಗೇ, ಎದ್ದು ಕುಡಿ ಎನ್ನುತ್ತಿದ್ದೆ. ಈಗಲೂ ಪೂರ್ತಿ ನಂಬಿದೆ ಅಂತಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದೇ.

ಠಾಣೆಯ ವಾಗ್ಳೆ ಎಸ್ಟೇಟ್‌ನಲ್ಲಿ ನಮ್ಮದೊಂದು ಸಣ್ಣ ಊಟದ ಮನೆ ಇತ್ತು. ಫ್ಯಾಕ್ಟರಿಗಳಲ್ಲಿದ್ದ ನಮ್ಮ ಕರಾವಳಿ ಕಡೆಯವರಿಗೆ ಕೆಂಪು ಕುಚ್ಚಲಕ್ಕಿ ಅನ್ನ, ಸಾರು, ಮೀನು. ಹೊರಗಿನ ಸಮಾರಂಭಗಳಿಗೂ ಅಡುಗೆ ಮಾಡಿ ಹಳೆಯ ಜೀಪಿನಲ್ಲಿ ಒಯ್ಯುತ್ತಿದ್ದೆವು. ನನ್ನ ಗಂಡ ಇರುವಾಗ ಆ ಜೀಪಿನ ಹಿಂದೆ ಯಾವಾಗಲೂ ಒಂದು ದಪ್ಪ ಹಗ್ಗ, ಒಂದು ಸಲಿಕೆ, ಎರಡು ಹಲಗೆ ಇರುತ್ತಿದ್ದವು. ಡಾಂಬರು ಬಿಟ್ಟು ಮಣ್ಣಿಗಿಳಿಯುವವನ ಹತ್ತಿರ ಇಷ್ಟಾದರೂ ಇರಬೇಕು ಎನ್ನುತ್ತಿದ್ದರು. ಹೂತ ಚಕ್ರದ ಅಡಿಗೆ ಕೊಟ್ಟಾಗ ಜಾರಬಾರದೆಂದು ಹಲಗೆಗಳಿಗೆ ಗರಗಸದಿಂದ ಅಡ್ಡಡ್ಡ ಗೀರು ಹಾಕಿದ್ದರು. ಒಂದರಲ್ಲಿ ಕೊನೆಯ ಗೀರು ಓರೆ. ಅಲ್ಲಿ ಗರಗಸ ಜಾರಿ ಅವರ ಹೆಬ್ಬೆರಳು ಕುಯ್ದಿತ್ತು.

ಅವರು ಹೋದ ಮೇಲೆ ಪಾತ್ರೆಗಳಿಗೆ ಜಾಗ ಸಾಲದೆ ನಾನು ಅದನ್ನೆಲ್ಲ ಹೊರಗೆ ಹಾಕಿದೆ. ಹಲಗೆಗಳು ಅಡುಗೆಮನೆಗೆ ಬಂದವು. ಗಂಜಿ ಬಸಿಯುವಾಗ ಹಂಡೆಯ ಒಂದು ಬದಿಯ ಅಡಿಗೆ ಕೊಟ್ಟರೆ ಹಂಡೆ ವಾಲಿ ನಿಲ್ಲುತ್ತದೆ, ಗೀರಿರುವುದರಿಂದ ಜಾರುವುದಿಲ್ಲ. ಎರಡು ವರ್ಷ ದಿನಾ ಅದೇ ಕೆಲಸ. ಓರೆ ಗೀರು ಆಳವಾಗಿತ್ತು. ಅದರಲ್ಲಿ ಕೂತ ಕೆಂಪು ಅಗುಳು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಆ ಮಳೆಗಾಲದಲ್ಲಿ, ಡೊಂಬಿವಲಿಯಲ್ಲಿ ಹೋಟೆಲಿಟ್ಟಿದ್ದ ನಮ್ಮೂರಿನವರೊಬ್ಬರು ತೀರಿಕೊಂಡರು. ಕಲ್ಯಾಣ ದಾಟಿ ಟಿಟ್ವಾಳಾ ಕಡೆ ಗದ್ದೆಗಳ ನಡುವೆ ಅವರದೊಂದು ಮನೆ. ಹದಿಮೂರನೆಯ ದಿನದ ಬೊಜ್ಜದ ಊಟ ಅಲ್ಲಿ. ನಮ್ಮವರಲ್ಲಿ ಆ ದಿನ ಸತ್ತವರಿಗೆ ಒಳಕೋಣೆಯಲ್ಲಿ ಮೊದಲ ಎಲೆ ಬಡಿಸಿ ಬಾಗಿಲು ಮುಚ್ಚುತ್ತಾರೆ. ಅದಾದ ಮೇಲೆಯೇ ಉಳಿದವರ ಊಟ. ಅವರ ಹೆಂಡತಿ ಕಮಲ ಸಕ್ಕರೆ ಕಾಯಿಲೆಯವಳು. ಹಿಂದಿನ ದಿನ ಫೋನ್ ಮಾಡಿದ್ದಳು.

"ಅಕ್ಕ, ಅನ್ನ ಬೆಳ್ತಿಗೆಯದ್ದೇ ಆಗ್ಬೇಕು. ಅವರಿಗೆ ಕುಚ್ಚಲಕ್ಕಿ ಆಗ್ತಿರ್ಲಿಲ್ಲ. ಹನ್ನೆರಡರ ಒಳಗೆ ಎಲೆ ಹಾಕ್ಬೇಕು. ಅಲ್ಲಿವರೆಗೆ ನಾನು ನೀರು ಸಹ ಮುಟ್ಟುದಿಲ್ಲ."

"ಬದುಕಿದ್ದಾಗ ಯಾವತ್ತಾದ್ರೂ ಹನ್ನೆರಡಕ್ಕೆ ಉಂಡಿದ್ದಾರಾ ನಿನ್ನ ಗಂಡ? ಹೋಟೆಲಿನವರು. ನೀನು ಮಾತ್ರೆ ತಗೊಂಡು ಏನಾದ್ರೂ ತಿನ್ನು" ಎಂದೆ. ಅವಳು ಫೋನಿಟ್ಟಳು.

ಆ ದಿನ ನಮ್ಮ ಊಟದ ಮನೆಗೆ ರಜೆ ಕೊಟ್ಟು, ಕುಚ್ಚಲಕ್ಕಿ ಮುಟ್ಟದೆ ಬರೀ ಬೆಳ್ತಿಗೆಯ ಬಿಳಿ ಅನ್ನ ಮಾಡಿದೆವು. ಜೀಪು ಓಡಿಸಿದ್ದು ನನ್ನ ಮೈದುನ ವಾಸು. ಕಲ್ಯಾಣದ ಟ್ರಾಫಿಕ್ಕಿನಲ್ಲೇ ಒಂದು ಗಂಟೆ ಹೋಯಿತು. ಡಾಂಬರು ಬಿಟ್ಟು ಗದ್ದೆಯ ದಾರಿಗಿಳಿದು ಸ್ವಲ್ಪ ದೂರ ಹೋಗುವುದರೊಳಗೆ ಹಿಂದಿನ ಎರಡೂ ಚಕ್ರ ಕೆಸರಿನಲ್ಲಿ ಹೂತವು. ಹನ್ನೊಂದೂಕಾಲು. ಮನೆ ಇನ್ನೂ ಎರಡು ಮೈಲು. ಸುತ್ತ ಒಂದು ನರಪಿಳ್ಳೆ ಇಲ್ಲ, ಮೊಬೈಲಿಗೆ ರೇಂಜ್ ಇಲ್ಲ.

"ಅತ್ತಿಗೆ, ಹಗ್ಗ ಎಲ್ಲುಂಟು? ಮರಕ್ಕೆ ಕಟ್ಟಿ ಎಳೆದು ನೋಡುವ."

"ಬಾಲ್ಕನಿಯಲ್ಲಿ. ಬಟ್ಟೆ ಒಣಗಿಸ್ಲಿಕ್ಕೆ ಕಟ್ಟಿದ್ದೇನೆ."

"ಸಲಿಕೆ?"

"ಸೊಸೈಟಿಯ ಮಾಲಿಗೆ ಕೊಟ್ಟೆ."

"ಹಲಗೆ ಅನ್ನ ಬಸೀಲಿಕ್ಕೆ. ಅದು ಗೊತ್ತುಂಟು. ಹಾಗಾದ್ರೆ ಜೀಪಿನಲ್ಲಿ ಎಂತ ಉಂಟು?"

"ಅನ್ನ ಉಂಟು."

ವಾಸು ಒಂದು ಸಟ್ಟುಗ ತೆಗೆದು ಚಕ್ರದ ಮುಂದಿನ ಕೆಸರು ತೋಡತೊಡಗಿದ. ಬಡಿಸುವ ಸಟ್ಟುಗ ಅದು ಎಂದು ನಾನು ಬೈದೆ, ಅವನು ಕೇಳಲಿಲ್ಲ. ಗೋಣಿಚೀಲ ಅಡಿಗೆ ಕೊಟ್ಟೆವು. ಚಕ್ರ ಅದನ್ನು ಹಿಂದಕ್ಕೆ ಉಗುಳಿತು. ನಾಲ್ಕು ಸಲ ಕೊಟ್ಟೆವು, ನಾಲ್ಕು ಸಲವೂ ಉಗುಳಿತು. ಅಷ್ಟರಲ್ಲಿ ಹನ್ನೊಂದೂ ಮೂವತ್ತೈದು. ಬಾಯಿ ಒಣಗಿಸಿಕೊಂಡು ಕೂತ ಕಮಲಳ ಮುಖ ಕಣ್ಣಿಗೆ ಬಂತು. ತಲೆ ತಿರುಗಿ ಬಿದ್ದರೆ ಆ ಮನೆಯಲ್ಲಿ ಇನ್ನೊಂದು ಬೊಜ್ಜ. ಒಂದು ಎಲೆಗೆ ಸಾಲುವಷ್ಟಾದರೂ ಹಿಡಿಯಿರುವ ತೂಕುಪಾತ್ರೆಯಲ್ಲಿ ಹೊತ್ತು ನಡೆದೇ ಹೋಗುತ್ತೇನೆ ಎಂದು ತುಂಬಿಸತೊಡಗಿದೆ. ಆ ಕೆಸರಿನಲ್ಲಿ ಎರಡು ಮೈಲು ಒಂದು ಗಂಟೆಯ ದಾರಿ ಎಂದು ನನಗೂ ಗೊತ್ತಿತ್ತು. ಹಗ್ಗ ಬಿಚ್ಚಿ ಬಟ್ಟೆ ಒಣಹಾಕಿದವಳಿಗೆ ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

"ಇಳಿದು ನಿಲ್ಲಿ ಅತ್ತಿಗೆ, ಕೊನೇ ಸಲ ನೋಡ್ತೇನೆ" ಎಂದ ವಾಸು. ಗೋಣಿ ಅಷ್ಟು ಹೊತ್ತಿಗೆ ಹರಿದು ಗದ್ದೆಯ ನೀರಿಗೆ ಬಿದ್ದಿತ್ತು. ಚಕ್ರದ ಅಡಿಯಲ್ಲಿ ಏನೂ ಇರಲಿಲ್ಲ. ನಾನು ಹಿಂದೆ ನಿಂತು ನೋಡುತ್ತಿದ್ದೆ. ಚಕ್ರ ಒಂದು ಸುತ್ತು ಜಾರಿತು. ಆಮೇಲೆ ಕಟಕ್ ಎಂದು ಮರದ ಮೇಲೆ ಏರಿದ ಸದ್ದು ಬಂತು. ಜೀಪು ಮೆಟ್ಟಿಲು ಹತ್ತುವ ಎಮ್ಮೆಯ ಹಾಗೆ ಎದ್ದು ಗಟ್ಟಿ ನೆಲಕ್ಕೆ ಹೋಗಿ ನಿಂತಿತು.

ಹೂತ ಜಾಗಕ್ಕೆ ಹೋಗಿ ನೋಡಿದೆ. ಕೆಸರಿನಲ್ಲಿ ಎರಡು ಉದ್ದನೆಯ ಅಚ್ಚು, ಅಂಚು ಚೂರಿಯಿಂದ ಕೊಯ್ದಷ್ಟು ನೆಟ್ಟಗೆ. ಅಚ್ಚಿನೊಳಗೆ ಅಡ್ಡಡ್ಡ ಗೆರೆ. ಎಡಗಡೆಯದರಲ್ಲಿ ಕೊನೆಯ ಗೆರೆ ಓರೆ. ಕೈಹಾಕಿ ತಡಕಿದೆ, ಮೊಣಕೈವರೆಗೂ ಬರೀ ಕೆಸರು. ಓರೆ ಗೆರೆಯಲ್ಲಿ ಮಾತ್ರ ಮೂರು ನಾಲ್ಕು ಅಗುಳು ಸಿಕ್ಕಿದವು. ಉಗುರಿನಲ್ಲಿ ಒತ್ತಿ ನೋಡಿದೆ. ಕುಚ್ಚಲಕ್ಕಿ.

ವಾಸುವನ್ನು ಕರೆದು ತೋರಿಸಿದೆ. ಅವನು ಓರೆ ಗೆರೆಯನ್ನು ನೋಡಿದ, ನನ್ನನ್ನು ನೋಡಿದ. "ಗೋಣಿಯ ಗುರುತು ಇರ್ಬೇಕು ಅತ್ತಿಗೆ. ಹತ್ತಿ, ಹೊತ್ತಾಯ್ತು" ಎಂದ. ನಾವು ಹೊರಡುವಾಗ ಮಳೆ ಶುರುವಾಗಿ ಅಚ್ಚಿನಲ್ಲಿ ನೀರು ತುಂಬುತ್ತಿತ್ತು. ಈ ವಿಷಯ ತೆಗೆದರೆ ವಾಸು ಇವತ್ತಿಗೂ ಎದ್ದು ಹೋಗುತ್ತಾನೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಎಲೆ ಬಿತ್ತು. ಕಮಲ ಗೋಡೆಗೊರಗಿ ನಡುಗುತ್ತಿದ್ದಳು. ಬಾಗಿಲು ತೆರೆದ ಮೇಲೆ ನಾನೇ ಅವಳಿಗೆ ಮೊದಲ ತುತ್ತು ತಿನ್ನಿಸಿದೆ. "ನೀನು ಬರ್ತಿ ಅಂತ ಗೊತ್ತಿತ್ತು" ಎಂದಳು. ನನಗೆ ಗೊತ್ತಿರಲಿಲ್ಲ. ಇನ್ನೊಂದು ತುತ್ತು ಕಲಸಿದೆ.

ಮಾರನೆಯ ದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹಲಗೆಗಳನ್ನು ನೋಡಿದೆ. ಇಟ್ಟಲ್ಲೇ ಇದ್ದವು, ಒಣಗಿದ್ದವು, ಕೆಸರಿನ ಒಂದು ಚುಕ್ಕೆ ಇಲ್ಲ. ಆದರೆ ಓರೆ ಗೀರು ತಳದವರೆಗೆ ಖಾಲಿ. ಪಾತ್ರೆ ತೊಳೆಯುವವಳನ್ನು ಕೇಳಿದೆ. ತೊಳೆದಿದ್ದರೂ ತೊಳೆದಿರಬಹುದು, ನೆನಪಿಲ್ಲ ಎಂದಳು. ಮನೆಗೆ ಹೋಗಿ ಬಾಲ್ಕನಿಯ ಒದ್ದೆ ಬಟ್ಟೆ ಇಳಿಸಿ ಹಗ್ಗ ಬಿಚ್ಚಿದೆ. ಮಾಲಿಯ ಹತ್ತಿರ ಜಗಳವಾಡಿ ಸಲಿಕೆ ವಾಪಸು ತಂದೆ. ಎಲ್ಲವನ್ನೂ ಜೀಪಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟು, ಆ ದಿನದ ಅನ್ನವನ್ನು ಎರಡು ಇಟ್ಟಿಗೆಯ ಮೇಲೆ ಬಸಿದೆ.