ಗೋಡೆಯಿಲ್ಲದ ಪಡಸಾಲೆ

ಮೊನ್ನೆ ಸಿಂದಗಿಯ ಹೊರಗೆ, ಇಂಡಿ ರಸ್ತೆಯ ಹೊಸ ಲೇಔಟಿನಲ್ಲಿ ಸುಣ್ಣದ ಪುಡಿ ಚೆಲ್ಲಿ ಪ್ಲಾಟಿನ ಗೆರೆ ಹಾಕುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದ ಮಾಸ್ತರು ನೆನಪಾದರು…

ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದವರು ಅವರು. ಆದರೂ ಓಣಿಯ ನ್ಯಾಯ-ಪಂಚಾಯ್ತಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಬಾಡಿಗೆಯವನ ಮಾತು ಯಾರಿಗೆ ಬೇಕು? ನಿವೃತ್ತಿಯ ಹೊತ್ತಿಗೆ ಮೂವತ್ತು–ನಲವತ್ತರ ಒಂದು ಪ್ಲಾಟು ಕೊಂಡರು ನೋಡಿ, ಅದೇ ಮಂದಿ ಕುರ್ಚಿ ಹಾಕಿ ಕೂರಿಸತೊಡಗಿದರು. ಸಂಜೆಯಾದರೆ ಗಂಡ-ಹೆಂಡತಿ ಆ ಬಯಲಿಗೆ ಹೋಗುತ್ತಿದ್ದರು. ನಾವು ಕಾಕು ಎನ್ನುತ್ತಿದ್ದ ಅವರ ಹೆಂಡತಿ ಕಲ್ಲು ಜೋಡಿಸಿ, ಇದು ಅಡುಗೆಮನೆ, ಇದು ದೇವರ ಕೋಣೆ, ಇದು ಪಡಸಾಲೆ ಎಂದು ಗುರುತು ಮಾಡಿದ್ದರು. ಗೋಡೆ ಏಳುವ ಮೊದಲೇ ಕಾಕು ಹಾಸಿಗೆ ಹಿಡಿದರು.

ನನ್ನ ಮದುವೆಗೆ ಹದಿನೈದು ದಿನ ಇದ್ದಾಗ ಅವರು ವಿಜಯಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಂಬುಲೆನ್ಸು ಬಾಗಿಲಿಗೆ ಬಂದು ನಿಂತಿತು. ನನ್ನವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಮಾಸ್ತರ, ಇದು ಲಗ್ನದ ಮನಿ ಐತ್ರಿ. ಹೆಣ ಒಳಗ ತರಬ್ಯಾಡ್ರಿ."

"ಆತ್ರಿ ಅಕ್ಕಾರ. ನಮ್ಮ ಜಾಗಾ ಐತಲ್ರಿ."

ನಾನು ಅವ್ವನ ಹಿಂದೆಯೇ ಇದ್ದೆ. ಆಂಬುಲೆನ್ಸು ತಿರುಗಿದ ಮೇಲೆ ಅವ್ವನ ಕಣ್ಣು ತಪ್ಪಿಸಿ ಅದರ ಹಿಂದೆ ಹೋದೆ.

ಪ್ಲಾಟಿನಲ್ಲಿ ನಾವು ನಾಲ್ಕು ಜನ ಹೆಣ ಇಳಿಸಿದೆವು. ಮಾಸ್ತರು ತಡೆದರು.

"ಅದು ಅಡಗಿ ಮನಿ. ಪಡಸಾಲ್ಯಾಗ ಇಡ್ರಿ."

ಮತ್ತೆ ಎತ್ತಿ ನಾಲ್ಕು ಹೆಜ್ಜೆ ಆಚೆ ಇಟ್ಟೆವು. ನೋಡಲು ಬಂದವರು ಒಬ್ಬೊಬ್ಬರಾಗಿ ಗಡಿಕಲ್ಲಿನ ಹೊರಗೆ ಚಪ್ಪಲಿ ಬಿಟ್ಟು, ಮುಳ್ಳುನೆಲದಲ್ಲಿ ಬರಿಗಾಲಲ್ಲಿ ಒಳಗೆ ಬಂದರು. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ.

ನನ್ನ ಮದುವೆ ಸಾಂಗವಾಗಿ ನಡೆಯಿತು. ಆ ತಿಂಗಳೇ ಮಾಸ್ತರು ಮನೆ ಬಿಟ್ಟು ಹೊರ್ತಿ ಊರಿನಲ್ಲಿದ್ದ ಮಗಳ ಮನೆ ಸೇರಿದರು. ಹೆಣ ಇಟ್ಟ ಜಾಗವೆಂದು, ಮಾರಾಟಕ್ಕಿಟ್ಟ ಆ ಪ್ಲಾಟನ್ನು ಬಹಳ ದಿನ ಯಾರೂ ಕೇಳಲಿಲ್ಲವಂತೆ. ಮಾಸ್ತರೂ ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿ ತಿಂಗಳಾದ ಮೇಲೆ. ಒಮ್ಮೆ ಹೋಗಿ ತಪ್ಪಾಯಿತು ಅನ್ನಬೇಕಿತ್ತು… ನಾಚಿಕೆಗೆ ಹೋಗಲಿಲ್ಲ. ಇನ್ನು ಅನ್ನುವುದು ಯಾರಿಗೆ?

ಅವ್ವನೂ ಈಗಿಲ್ಲ, ಮನೆ ನನ್ನ ಹೆಸರಿಗಿದೆ. ನಿನ್ನೆ ವಯಸ್ಸಾದ ಗಂಡ-ಹೆಂಡತಿ ಬಾಡಿಗೆಗೆ ಕೇಳಿಕೊಂಡು ಬಂದರು. ಮೂರೇ ಮೆಟ್ಟಿಲು ಏರುವಷ್ಟರಲ್ಲಿ ಆಕೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ನಾನು ಅದನ್ನೇ ನೋಡುತ್ತಿದ್ದೆ.

"ಮನಿ ಖಾಲಿ ಇಲ್ರಿ," ಅಂದೆ.

ಮಾಸ್ತರು ಇದ್ದ ಆ ಭಾಗಕ್ಕೆ ಹಾಕಿದ್ದ ಬೀಗ ಅವರಿಗೂ ಕಾಣುತ್ತಿತ್ತು.